ವಾಲುವ ಬುಗುರಿ

ಬುಗುರಿ ಆಡಿದವರಿಗೆ ಗೊತ್ತು. ಚಾಟಿ ಸೆಳೆದು ಬಿಟ್ಟ ಕೂಡಲೇ ಅದು ನೆಟ್ಟಗೆ ನಿಂತು ಗುಂಯ್‌ಗುಡುತ್ತದೆ. ವೇಗ ಇಳಿದಂತೆ ತಲೆ ತೂಗುತ್ತದೆ, ವಾಲುತ್ತದೆ, ಆಮೇಲೆ ಮಗ್ಗುಲಾಗುತ್ತದೆ. ಅದು ವಾಲುವ ಆ ಸ್ವಲ್ಪ ಹೊತ್ತಿಗೆ ಎಷ್ಟು ಬೆಲೆಯಿದೆ ಎಂದು ನನಗೆ ಗೊತ್ತಾದದ್ದು ಕಳೆದ ಬೇಸಿಗೆಯಲ್ಲಿ, ಅಮೆರಿಕದ ಓಹೈಯೊದಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದಾಗ.

ಅವನೂ ಇಬ್ಬರು ಗೆಳೆಯರೂ ಸೇರಿ ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಇಟ್ಟುಕೊಂಡಿದ್ದಾರೆ, ನಮ್ಮೂರಲ್ಲಿ ಮೂರು ಮನೆಯವರು ಸೇರಿ ಟ್ರ್ಯಾಕ್ಟರ್ ಕೊಂಡ ಹಾಗೆ. ಹ್ಯಾಂಗರಿಗೆ ಹೋಗಿ ನೋಡಿದರೆ ಪೈಲಟ್ ಎದುರಿನ ಪ್ಯಾನೆಲ್‌ನಲ್ಲಿ ಬರೀ ತೂತುಗಳು, ಜೋತಾಡುವ ರಬ್ಬರ್ ಕೊಳವೆಗಳು.

"ಏನು ಕೆಟ್ಟಿದೆಯೋ?"

"ಏನೂ ಕೆಟ್ಟಿಲ್ಲ ಮಾವ. ಕೆಟ್ಟರೆ ಗೊತ್ತಾಗಲಿ ಅಂತ ಮಾಡಿಸ್ತಿದ್ದೀವಿ."

ಪ್ಯಾನೆಲ್‌ನ ನಟ್ಟನಡುವೆ ಇರುವ ಉಪಕರಣ ಕೃತಕ ದಿಗಂತ. ಮೇಲರ್ಧ ನೀಲಿ, ಕೆಳಗರ್ಧ ಕಂದು. ಹೊರಗೆ ಮೋಡ ಕವಿದು ನೆಲ ಕಾಣದಿದ್ದರೂ ರೆಕ್ಕೆ ಎತ್ತ ವಾಲಿದೆ ಎಂದು ಅದು ತೋರಿಸುತ್ತದೆ. ಅದರ ಹೊಟ್ಟೆಯೊಳಗೆ ಇರುವುದು ಬುಗುರಿಯೇ, ಹೆಸರು ಗೈರೊ. ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು. ಅದಕ್ಕೆ ಚಾಟಿ ಯಾವುದು ಅನ್ನುತ್ತೀರಾ? ಗಾಳಿ. ಎಂಜಿನ್‌ಗೆ ಜೋಡಿಸಿದ ಪಂಪ್ ಒಂದು ಕಡೆಯಿಂದ ಗಾಳಿ ಹೀರುತ್ತದೆ, ನೀವು ಸ್ಟ್ರಾದಲ್ಲಿ ಎಳನೀರು ಹೀರುವಂತೆ. ಇನ್ನೊಂದು ಕಡೆಯಿಂದ ನುಗ್ಗುವ ಗಾಳಿ ಚಕ್ರಕ್ಕೆ ಬಡಿದು ತಿರುಗಿಸುತ್ತದೆ. ಈ ಹೀರುವ ಬಲವನ್ನು ಅಳೆಯುವ ಪುಟ್ಟ ಗಡಿಯಾರದಂಥದ್ದೇ ವ್ಯಾಕ್ಯೂಮ್ ಗೇಜ್. ಮುಳ್ಳು ಸುಮಾರು 4.5ರಿಂದ 5.5 ಅಂಗುಲ ಪಾದರಸದ ನಡುವೆ ಇದ್ದರೆ ಕ್ಷೇಮ.

ಪಂಪಿನೊಳಗಿನ ಅಲಗುಗಳು ಇಂಗಾಲದವು. ಸವೆಯುತ್ತ ಬಂದು ಒಂದು ದಿನ ಸದ್ದಿಲ್ಲದೆ ಪುಡಿಯಾಗುತ್ತವೆ. ಎಂಜಿನ್ ಎಂದಿನಂತೆ ಓಡುತ್ತಿರುತ್ತದೆ. ಗೈರೊ ಕೂಡ ಆ ಕ್ಷಣಕ್ಕೆ ನಿಲ್ಲುವುದಿಲ್ಲ, ಹಳೆಯ ವೇಗದ ಬಲದಿಂದ, ಮೆಲ್ಲಗೆ ನಿಧಾನವಾಗುತ್ತ, ಕೆಲವು ನಿಮಿಷ ತಿರುಗುತ್ತದೆ. ಆಮೇಲೆ ನಿಧಾನವಾಗಿ, ಬಹಳ ಮರ್ಯಾದೆಯಿಂದ, ವಾಲುತ್ತದೆ. ಪೈಲಟ್ ಮೋಡದೊಳಗಿದ್ದರೆ ವಿಮಾನವೇ ವಾಲುತ್ತಿದೆ ಎಂದುಕೊಂಡು ಅದನ್ನು 'ಸರಿ' ಮಾಡಲು ಹೊರಡುತ್ತಾನೆ. ನಿಂತ ಗಡಿಯಾರವನ್ನು ಯಾರೂ ನಂಬುವುದಿಲ್ಲ. ಹತ್ತು ನಿಮಿಷ ಹಿಂದೆ ಬಿದ್ದದ್ದನ್ನು ನಂಬಿಯೇ ನಾವು ಬಸ್ಸು ತಪ್ಪಿಸಿಕೊಳ್ಳುವುದು.

ಮೈಗೆ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ಅವನು ನನ್ನನ್ನು ತಿರುಗುವ ಕುರ್ಚಿಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಒಂದೇ ವೇಗದಲ್ಲಿ ಮೆಲ್ಲಗೆ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಕುರ್ಚಿ ನಿಂತಂತೆನಿಸಿತು. ನಿಜವಾಗಿ ನಿಲ್ಲಿಸಿದಾಗ ಹಿಂದಕ್ಕೆ ತಿರುಗುತ್ತಿದ್ದೇನೆ ಎಂದು ಕೂಗಿಕೊಂಡೆ! (ನೀವೂ ಮಾಡಿ ನೋಡಿ, ದೊಡ್ಡವರು ಜೊತೆಗಿರಲಿ, ಊಟವಾದ ಕೂಡಲೇ ಬೇಡ.) ಒಳಕಿವಿಯ ದ್ರವ ಹೀಗೆ ಮೋಸ ಮಾಡುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಮಂದಿಗೆ ಹೊರಗೇನೂ ಕಾಣದಂತೆ ಮಾಡಿ ಪರೀಕ್ಷಿಸಿದ್ದರು. ಎಲ್ಲರೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡುಗಳಲ್ಲಿ. ಮೂರು ನಿಮಿಷವೂ ಇಲ್ಲ.

2000ದ ಅಕ್ಟೋಬರ್ 16ರ ರಾತ್ರಿ ಮಿಸ್ಸೂರಿಯ ಗವರ್ನರ್ ಮೆಲ್ ಕಾರ್ನಹನ್ ಇದ್ದ ಸಣ್ಣ ವಿಮಾನ ಕೆಟ್ಟ ಹವೆಯಲ್ಲಿ ಬಿತ್ತು. ನಡೆಸುತ್ತಿದ್ದವರು ಅವರ ಮಗನೇ. ಮುಖ್ಯ ಕೃತಕ ದಿಗಂತ ಕೆಟ್ಟಿತ್ತು, ಪೈಲಟ್‌ಗೆ ದಿಕ್ಕುದೆಸೆ ತಪ್ಪಿತ್ತು ಎಂದು ತನಿಖೆ ಹೇಳಿತು. ಅಕ್ಕನ ಮಗ ಇದನ್ನು ಹೇಳುವಾಗ ಅವನ ಇಬ್ಬರು ಮಕ್ಕಳು ಹ್ಯಾಂಗರ್ ಹೊರಗೆ ಆಡುತ್ತಿದ್ದರು. ಭಾನುವಾರಗಳಲ್ಲಿ ಆ ವಿಮಾನದ ಹಿಂದಿನ ಸೀಟು ಅವರದು.

ಪಾಲುದಾರರಲ್ಲಿ ಒಬ್ಬನಿಗೆ ಆ ದುಡ್ಡಿನಲ್ಲಿ ಹೊಸ ಬಣ್ಣ ಬಳಿಸುವ ಆಸೆಯಿತ್ತಂತೆ. ಜಗಳ ತೀರಿಸಿದ್ದು ನಮ್ಮ ಸೊಸೆ. "ಬಣ್ಣ ನೋಡೋರು ಕೆಳಗಿರ್ತಾರೆ, ನನ್ನ ಮಕ್ಕಳು ಮೇಲಿರ್ತಾರೆ" ಎಂದಳಂತೆ. ಹೀಗಾಗಿ, ಪೈಲಟ್ ಕಣ್ಣು ಹೋಗದ ಬಲತುದಿಯಲ್ಲಿದ್ದ ಗೇಜ್ ಅವನ ಎದುರಿಗೆ ಬಂತು. ಹೀರುವ ಬಲ ಇಳಿದರೆ ಹೊತ್ತುವ ಕೆಂಪು ದೀಪ ಬಂತು. ತನ್ನದೇ ಬ್ಯಾಟರಿ ಇರುವ ಎಲೆಕ್ಟ್ರಾನಿಕ್ ದಿಗಂತವೂ ಒಂದು ಬಂತು. ತಿರುವು ತೋರಿಸುವ ಉಪಕರಣ ಅದರಲ್ಲಿ ಮೊದಲಿಂದಲೂ ವಿದ್ಯುತ್ತಿನದೇ. ಗಾಳಿ ಹೋದರೆ ಕರೆಂಟು, ಕರೆಂಟು ಹೋದರೆ ಗಾಳಿ. ಅಜ್ಜಿ ಗ್ಯಾಸ್ ಬಂದ ಮೇಲೂ ಸೌದೆ ಒಲೆ ಕೀಳಿಸದೇ ಇದ್ದದ್ದು ಇದೇ ಬುದ್ಧಿಯಿಂದ. ಆದರೆ ನನಗೆ ಎಲ್ಲಕ್ಕಿಂತ ಧೈರ್ಯ ಕೊಟ್ಟದ್ದು ಈ ಯಾವ ಸಾಮಾನೂ ಅಲ್ಲ. ತಿಂಗಳಿಗೊಮ್ಮೆ ಅವನು ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೃತಕ ದಿಗಂತದ ಮೇಲೆ ರಬ್ಬರ್ ಮುಚ್ಚಳ ಅಂಟಿಸಿ, ಉಳಿದವನ್ನಷ್ಟೇ ನೋಡಿ ಹಾರುವುದನ್ನು ಅಭ್ಯಾಸ ಮಾಡುತ್ತಾನೆ.

ನಾನು ಹೊರಡುವ ಹಿಂದಿನ ದಿನ ಕೆಲಸ ಮುಗಿಯಿತು. ತಿಳಿಯಾದ ಬಿಸಿಲು, ಒಂದು ಮೋಡವೂ ಇಲ್ಲ. ಅರ್ಧ ಗಂಟೆ ಹಾರಿಸಿದ.

"ಮಾವ, ಕೆಳಗೆ ನೋಡಿ, ಈರಿ ಸರೋವರ!"

ನೋಡುತ್ತೇನೆ ಎಂದೆ. ನನ್ನ ಕಣ್ಣು 5ರ ಮೇಲೆ ನಿಂತ ಮುಳ್ಳನ್ನು ಬಿಟ್ಟು ಕದಲಿದರೆ ತಾನೇ.