ನೀರು ಸೋಸುವವರು ಕೊಳ ಮುಚ್ಚಬಹುದೇ?

ಸೋಸದ ನೀರನ್ನು ನಾವು ಮುಟ್ಟುವುದಿಲ್ಲ. ಸೂರ್ಯಾಸ್ತದ ಅನಂತರ ಉಣ್ಣುವುದಿಲ್ಲ. ಸಂತೋಷವೇ. ಆದರೆ ಇದೇ ಆಚಾರವುಳ್ಳವರು ಕೊಡಗಿನಲ್ಲಿ ತೋಟ ಕೊಂಡು, ನೆರಳಿನ ಕಾಡುಮರಗಳನ್ನು ಉರುಳಿಸಿ ಸಿಲ್ವರ್ ಓಕ್ ನೆಟ್ಟು, ತಗ್ಗಿನ ನೀರುಗುಂಡಿಗಳಿಗೆ ಮಣ್ಣು ತುಂಬಿಸಿದ ಮೇಲೂ "ನಾವು ಯಾವ ಪ್ರಾಣಿಯನ್ನೂ ಕೊಂದಿಲ್ಲ" ಎನ್ನುತ್ತಾರೆ. ಈ ಮಾತು ಶಾಸ್ತ್ರಸಮ್ಮತವಲ್ಲ, ನಿಜವೂ ಅಲ್ಲ.

ಆ ತೋಟಗಳಲ್ಲಿ ಒಂದು ಪುಟ್ಟ ಹಸಿರು ಮರಗಪ್ಪೆ ವಾಸಿಸುತ್ತದೆ. ಬೌಲೆಂಜರ್ ಎಂಬ ಪ್ರಾಣಿಶಾಸ್ತ್ರಜ್ಞರು 1883ರಲ್ಲಿ ಅದನ್ನು ರಾಕೊಫೋರಸ್ ಲ್ಯಾಟರಾಲಿಸ್ ಎಂದು ಹೆಸರಿಸಿದರು. ಪಶ್ಚಿಮಘಟ್ಟದ ಹೊರಗೆ ಅದು ಎಲ್ಲಿಯೂ ಇಲ್ಲ. ಬಹುಕಾಲ ಕಾಣಸಿಗದೆ, ಕೊನೆಗೆ ಕೊಡಗಿನ ಕಾಫಿ ತೋಟದಲ್ಲಿಯೇ ಮರಳಿ ಕಂಡಿತು. 2004ರಲ್ಲಿ ಅದನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಮಳೆಗಾಲದಲ್ಲಿ ಹೆಣ್ಣುಕಪ್ಪೆ ನೀರಿನ ಮೇಲಕ್ಕೆ ಚಾಚಿದ ಎಲೆಯ ಮೇಲೆ ನೊರೆಯ ನಡುವೆ ಮೊಟ್ಟೆಯಿಟ್ಟು, ಗಂಡಿನ ಸಹಾಯವಿಲ್ಲದೆ ತಾನೇ ಕಾಲುಗಳಿಂದ ಎಲೆಯ ಅಂಚುಗಳನ್ನು ಮಡಿಸಿ ಮುಚ್ಚುತ್ತದೆ. (ತಾಯ್ತನಕ್ಕೆ ಮನುಷ್ಯಗತಿಯೇ ಬೇಕೆಂದಿಲ್ಲ!) ಮರಿಗಳು ಕೆಳಗಿನ ನೀರಿಗೆ ಬಿದ್ದು ಬೆಳೆಯಬೇಕು. ಗುಂಡಿ ಮುಚ್ಚಿದ ಮೇಲೆ ಅವು ಬೀಳುವುದು ಒಣನೆಲಕ್ಕೆ.

ಕಪ್ಪೆ ಪಂಚೇಂದ್ರಿಯ ಜೀವಿ. ಏಕೇಂದ್ರಿಯಗಳ ವಿಷಯದಲ್ಲಿಯೇ ಸಮಂತಭದ್ರಾಚಾರ್ಯರು ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನೂ ಗಿಡ ಕಡಿಯುವುದನ್ನೂ ಅನರ್ಥದಂಡವೆಂದರು. ಶ್ವೇತಾಂಬರರ ಉಪಾಸಕದಶಾಂಗವು ಶ್ರಾವಕನು ತ್ಯಜಿಸಬೇಕಾದ 15 ಕರ್ಮಾದಾನಗಳಲ್ಲಿ ಕೆರೆಕೊಳಗಳನ್ನು ಬತ್ತಿಸುವುದನ್ನೂ ಎಣಿಸಿದೆ. ನೀರು ಸೋಸುವ ವಿಧಿಯನ್ನೇ ನೋಡಿರಿ: ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅವು ಬಂದ ಬಾವಿಗೇ ಹಿಂದಿರುಗಿಸಬೇಕು, ಬೇರೆ ನೀರಿಗಲ್ಲ. ನೆಲೆ ತಪ್ಪಿದರೆ ಜೀವ ಉಳಿಯದೆಂಬುದನ್ನು ಹಿರಿಯರು ಅರಿತಿದ್ದರು.

"ಇದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಕ್ಷಮ್ಯ" ಎಂಬುದು ಎದುರುವಾದ. ಆ ವಿನಾಯಿತಿ ಜೀವನೋಪಾಯಕ್ಕೆ ಅನಿವಾರ್ಯವಾದುದಕ್ಕೆ ಮಾತ್ರ, ಅದೂ ಎಚ್ಚರದಿಂದ ನಡೆದವನಿಗೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸಿರುವುದೇ ಪ್ರಮಾದದ ಮೂಲಕ. ನೋಡದೆಯೇ ಮಣ್ಣು ಸುರಿಸಿದವನದು ಪ್ರಮಾದವಲ್ಲದೆ ಮತ್ತೇನು?

ರಾಜಗೃಹದಲ್ಲಿ ಒಂದೇ ಹೂವಿನೊಡನೆ ಜಿನಪೂಜೆಗೆ ಹೊರಟ ಕಪ್ಪೆಯನ್ನು ರತ್ನಕರಂಡಕ ಶ್ರಾವಕಾಚಾರವು ಸ್ಮರಿಸುತ್ತದೆ. ಕಥೆಯಲ್ಲಿ ಅದು ಹಿಂದಿನ ಭವದಲ್ಲಿ ಒಬ್ಬ ವರ್ತಕ. ಈ ಕಥೆಗೆ ಬಸದಿಯಲ್ಲಿ ತಲೆದೂಗಿದವರೇ ತೋಟದಲ್ಲಿ ಗುಂಡಿ ಮುಚ್ಚಿಸುತ್ತಾರೆ.

ನಾನೂ ವ್ಯಾಪಾರಸ್ಥನೇ, ಲಾಭನಷ್ಟ ಬಲ್ಲೆ. ಒಂದು ನೀರುಗುಂಡಿಯನ್ನೂ ಅದರ ಸುತ್ತಲಿನ ಮರಗಳನ್ನೂ ಬಿಟ್ಟರೆ ಕಳೆದುಕೊಳ್ಳುವುದು ಕೆಲವು ಕಾಫಿ ಗಿಡಗಳ ಜಾಗ. ಅದನ್ನು ಮುಚ್ಚುವುದು ಅನಿವಾರ್ಯವೆನ್ನುವವರು ಲೆಕ್ಕದ ಪುಸ್ತಕವನ್ನು ತೆರೆದು ತೋರಿಸಲಿ.