ಸೊನ್ನೆ ಬಿಲ್ಲಿನ ಆಚೆ

ಮನೆಯ ಕರೆಂಟ್ ಬಿಲ್ಲು ಸೊನ್ನೆ ಬರತೊಡಗಿದ ಮೇಲೆ ಆ ಚೀಟಿಯನ್ನು ಯಾರೂ ತಿರುಗಿಸಿ ನೋಡ್ತಿಲ್ಲ. 2023ರಲ್ಲಿ ಗೃಹಜ್ಯೋತಿ ಬಂತು, 200 ಯೂನಿಟ್‌ವರೆಗೆ ಬಳಸುವ ಮನೆಗಳಿಗೆ ನಿರಾಳವಾಯ್ತು. ನಾನೂ ಅದರ ಫಲಾನುಭವಿಯೇ, ಮುಚ್ಚಿಡೋದೇನಿದೆ? ಆದರೆ ನಮ್ಮ ಬೀದಿಯ ಕೊನೆಯಲ್ಲಿ ಖಾರದಪುಡಿ, ಸಾಂಬಾರ್ ಪುಡಿ ಮಾಡಿಕೊಡುವ ಗಿರಣಿ ಅಕ್ಕನಿಗೆ ಈ ಸೊನ್ನೆ ಇಲ್ಲ. ಗಿರಣಿಯ ಮೀಟರಿನ ವರ್ಗ ಬೇರೆ, ದರವೂ ಬೇರೆ.

ವಿಶೇಷ ಅಂದ್ರೆ, ಅಕ್ಕನ ದೊಡ್ಡ ತಕರಾರು ದರದ್ದಲ್ಲ. “ರೇಟು ಏರಿದ್ರೆ ಕಿಲೋಗೆ ಸ್ವಲ್ಪ ಜಾಸ್ತಿ ತಗೋತೀನಿ ಕಣಮ್ಮ. ಮೆಣಸಿನಕಾಯಿ ಅರ್ಧ ಬೀಸಿದಾಗ ಕರೆಂಟ್ ಹೋದ್ರೆ ಯಾರನ್ನ ಕೇಳ್ಲಿ?” ಅಂತಾರೆ. ವೋಲ್ಟೇಜ್ ಇಳಿದಾಗ ಮೋಟರು ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆದುಕೊಂಡು ಕಾಯುತ್ತದೆ. ವೈಂಡಿಂಗ್ ಸುಟ್ಟಿತೋ, ರಿಪೇರಿ ಆಗುವತನಕ ಗಿರಣಿಗೆ ಬೀಗ, ಗಿರಾಕಿಗಳೆಲ್ಲ ಪಕ್ಕದ ಊರಿಗೆ. ಕೈಗಾರಿಕೆ ಬೆಳೆಯಬೇಕು ಅಂದಾಗ ನಮ್ಮ ಕಣ್ಣೆದುರು ದೊಡ್ಡ ದೊಡ್ಡ ಫ್ಯಾಕ್ಟರಿಗಳೇ ಬರುತ್ತವೆ. ಐದು ಎಚ್‌ಪಿ ಮೋಟರಿನ ಮೇಲೆ ನಡೆಯುವ ಸಂಸಾರಗಳೂ ಆ ಲೆಕ್ಕದಲ್ಲೇ ಇವೆ.

ಹಾಗೆ ನೋಡಿದರೆ ನಮ್ಮಲ್ಲಿ ಕರೆಂಟ್ ಬಂದದ್ದೇ ದುಡಿಮೆಗಾಗಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು ಅದಾದ ಮೇಲೆ, 1905ರಲ್ಲಿ.

ಈಗ ದರ ನಿಗದಿ ಮಾಡೋದು ಮಂತ್ರಿಗಳಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 1999ರ ಸುಧಾರಣಾ ಕಾಯ್ದೆಯಿಂದ ಹುಟ್ಟಿದ್ದು. ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳು ಖರ್ಚು ತೋರಿಸಿ ‘ಇಷ್ಟು ಬೇಕು’ ಅಂತ ಅರ್ಜಿ ಹಾಕುತ್ತವೆ. ಖರ್ಚಿನಲ್ಲಿ ಸಿಂಹಪಾಲು ವಿದ್ಯುತ್ ಖರೀದಿಯದು. ಮಳೆ ಕೈಕೊಟ್ಟರೆ ಅಗ್ಗದ ಜಲವಿದ್ಯುತ್ ಕಡಿಮೆಯಾಗುತ್ತದೆ, ಪಂಪ್‌ಸೆಟ್ ಓಡುವುದು ಜಾಸ್ತಿಯಾಗುತ್ತದೆ. 2023ರ ಬರದಲ್ಲಿ ಅಕ್ಟೋಬರ್ ತಿಂಗಳಿನ ಲೋಡ್ ಶೆಡ್ಡಿಂಗ್ ನೆನಪಿದೆಯಲ್ಲ? ಯಾರಿಗಾದರೂ ಪುಕ್ಕಟೆಯಾಗಿ ಅಥವಾ ರಿಯಾಯಿತಿಯಲ್ಲಿ ಕೊಡಬೇಕೆಂದರೆ ಸರ್ಕಾರ ಆ ದುಡ್ಡನ್ನು ಮುಂಗಡವಾಗಿ ಕಟ್ಟಬೇಕು ಅಂತ 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಇದು ತಡವಾದರೆ ಕಂಪನಿ ಸಾಲ ಮಾಡುತ್ತದೆ, ಸಾಲಕ್ಕೆ ಬಡ್ಡಿ ಬೆಳೆಯುತ್ತದೆ. ಸೊನ್ನೆ ಬಿಲ್ಲಿನವರೂ ಇದನ್ನು ಗಮನಿಸಬೇಕು ಅನ್ನೋದು ನನ್ನ ಹಟ.

ಅರ್ಜಿ ಬಂದ ಮೇಲೆ ಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಅವಕಾಶ, ಆಮೇಲೆ ಸಾರ್ವಜನಿಕ ವಿಚಾರಣೆ. ಆಕ್ಷೇಪಣೆ ಸಲ್ಲಿಸಲು ವಕೀಲರೇ ಆಗಬೇಕಿಲ್ಲ. ಕೈಗಾರಿಕಾ ಸಂಘದವರು, ರೈತ ಮುಖಂಡರು ಲೆಕ್ಕದ ಸಮೇತ ಹೋಗಿ ವಾದಿಸುತ್ತಾರೆ. ಗಿರಣಿ, ಟೈಲರಿಂಗ್, ಹಪ್ಪಳದ ಮೆಷಿನ್ ಇಟ್ಟುಕೊಂಡ ಹೆಂಗಸರ ಮಾತು ಅಲ್ಲಿ ಎಷ್ಟು ಕೇಳುತ್ತದೆ? 2025ರ ಏಪ್ರಿಲ್‌ನಿಂದ ನಿವೃತ್ತ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಸೇರಿಕೊಂಡಿತು. ಗಿರಣಿ ಅಕ್ಕನಿಗೆ ಅದು ಗೊತ್ತಾದದ್ದು ಬಿಲ್ಲು ಕೈಗೆ ಬಂದಾಗಲೇ.

ಹೋಗುವವರು “ದರ ಏರಿಸಬೇಡಿ” ಅಂತಷ್ಟೇ ಹೇಳಿ ಬಂದರೆ ಸಾಲದು. ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಫ್ಯೂಸ್ ಹಾಕಬೇಕು, ಸುಟ್ಟ ಟ್ರಾನ್ಸ್‌ಫಾರ್ಮರ್ ಎಷ್ಟು ಹೊತ್ತಿನಲ್ಲಿ ಬದಲಾಯಿಸಬೇಕು ಎಂಬುದಕ್ಕೆ ಆಯೋಗದ ನಿಯಮವಿದೆ. ತಪ್ಪಿದರೆ ಗ್ರಾಹಕರಿಗೆ ಪರಿಹಾರವೂ ಉಂಟು. ಅದನ್ನು ಕೇಳೋಕೆ ಬಾಯಿಮಾತು ಸಾಲದು, ದಾಖಲೆ ಬೇಕು. ಅದಕ್ಕೇ ಅಕ್ಕನಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ಮೊದಲ ಪುಟದಲ್ಲಿ ಆರ್‌ಆರ್ ನಂಬರ್ ಬರೆದಾಗಿದೆ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ದೂರಿನ ಸಂಖ್ಯೆ ಅಂತ ಮೂರು ಕಾಲಂ ಎಳೆದದ್ದು ಎಂಟನೇ ಕ್ಲಾಸಿನ ಅವರ ಮಗಳು.