ಪರದೆಯ ಬೆಲೆಯೂ ಮನೆಬಾಗಿಲ ಬೆಲೆಯೂ

ಸಿಂಪಡಣಾ ಯಂತ್ರ, ಪಂಪು, ಕೊಳವೆ, ತರಕಾರಿ ಬೀಜ ಮುಂತಾದವುಗಳನ್ನು ಮೊಬೈಲಿನ ಮೂಲಕ ತರಿಸುವ ವಾಡಿಕೆಯು ಈಚೆಗೆ ಹಳ್ಳಿಗಳಲ್ಲಿಯೂ ಹಬ್ಬಿರುತ್ತದೆ. ಇದು ತಪ್ಪೆಂದು ಹೇಳಲಾಗದು. ಹೋಬಳಿಗೊಂದೇ ಅಂಗಡಿಯಿದ್ದು, ವರ್ತಕನು ಹೇಳಿದ್ದೇ ಬೆಲೆಯಾಗಿದ್ದ ಕಡೆಗಳಲ್ಲಿ ಇದರಿಂದ ರೈತನಿಗೆ ಅನುಕೂಲವೇ ಆಗಿದೆ. ಆದರೆ ಪರದೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವ ಅಂಕಿಯನ್ನೇ ವಸ್ತುವಿನ ಬೆಲೆಯೆಂದು ನಂಬುವುದು ವಿವೇಕವಲ್ಲ.

ದೃಷ್ಟಾಂತಕ್ಕಾಗಿ, ಒಂದು ಸಿಂಪಡಣಾ ಯಂತ್ರಕ್ಕೆ ಮೊಬೈಲಿನಲ್ಲಿ 2,400 ರೂಪಾಯಿ, ಪೇಟೆಯಲ್ಲಿ 2,700 ರೂಪಾಯಿ ಎಂದು ಭಾವಿಸಬಹುದು. ಮೇಲುನೋಟಕ್ಕೆ ಉಳಿತಾಯವು 300 ರೂಪಾಯಿ. ಸಾಗಾಣಿಕೆಗೆ 180, ಸರಕು ಕೈಸೇರಿದಾಗ ಹಣ ಕೊಡುವ ಸೌಕರ್ಯಕ್ಕೆ 50 ಸೇರಿದರೆ ಮೊದಲನೆಯದರ ಮೊತ್ತವು 2,630 ಆಗುವುದು. ಪೇಟೆಗೆ ಹೋಗಿಬರುವ ಬಸ್ಸಿನ ಖರ್ಚು 60 ರೂಪಾಯಿಯನ್ನು ಅಂಗಡಿಯ ಬೆಲೆಗೂ ಸೇರಿಸುವುದು ನ್ಯಾಯ. ಅದು 2,760 ಆಗುವುದು. ನಿಜವಾದ ಉಳಿತಾಯವು 130 ರೂಪಾಯಿ ಮಾತ್ರ. ಕೀಟಬಾಧೆಯ ನಡುವೆ ಯಂತ್ರವು ಕೆಟ್ಟು, ಹಿಂದಕ್ಕೆ ಕಳುಹಿಸಿ ವಾರಗಟ್ಟಲೆ ಕಾಯಬೇಕಾದರೆ ಆ ಹಣವು ಒಂದು ಆಳಿನ ಕೂಲಿಗೂ ಸಾಲದು. ಬೆಳೆಯ ನಷ್ಟವಂತೂ ಬೇರೆ.

ಅಳತೆಯನ್ನೂ ನೋಡತಕ್ಕದ್ದು. ಬೇವಿನೆಣ್ಣೆಯ ಕಾಲು ಲೀಟರಿಗೆ 160 ರೂಪಾಯಿಯಾದರೆ ಲೀಟರಿಗೆ 640 ಬಿದ್ದಂತಾಯಿತು. 520 ರೂಪಾಯಿಯ ಲೀಟರು ಡಬ್ಬಿಯು ಅದಕ್ಕಿಂತ ಅಗ್ಗ. ಆದರೆ ಕಾಲು ಲೀಟರು ಸಾಕಾಗುವ ಹೊಲದವನಿಗೆ ಅದೂ ದುಬಾರಿಯೇ. ಬೀಜದಲ್ಲಿಯಂತೂ ರಸೀದಿಯೂ ಚೀಟಿಯ ಮೇಲಿನ ತಂಡದ ಸಂಖ್ಯೆಯೂ ಇಲ್ಲದಿದ್ದರೆ, ಮೊಳಕೆ ಬಾರದಾಗ ಪರಿಹಾರ ಕೇಳಲು ಆಧಾರವೇ ಉಳಿಯದು.

ಕಾನೂನು ರೈತನ ಪಕ್ಷದಲ್ಲಿದೆ. ಸಾಗಾಣಿಕೆ, ತೆರಿಗೆ ಮುಂತಾದವುಗಳೆಲ್ಲ ಸೇರಿದ ಒಟ್ಟು ಬೆಲೆಯನ್ನೂ ಅದರ ವಿವರವನ್ನೂ ತೋರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ವಿಧಿಸಿವೆ. ಖರ್ಚುಗಳನ್ನು ಕಡೆಯವರೆಗೆ ಮರೆಮಾಚುವುದನ್ನೂ, ಕೇಳದ ವಸ್ತುವನ್ನು ಪಟ್ಟಿಗೆ ಸೇರಿಸುವುದನ್ನೂ 2023ರ ನವೆಂಬರಿನ ಮಾರ್ಗಸೂಚಿಗಳು ನಿಷೇಧಿಸಿವೆ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯಲ್ಲಿ ತೆರಿಗೆಗಳೆಲ್ಲವೂ ಅಡಕವಾಗಿರುವುದರಿಂದ ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ. ದೂರು ಕೊಡಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ.

ಆದರೆ ಲೆಕ್ಕವನ್ನು ಕಾನೂನು ಹಾಕಿಕೊಡದು. ಹಣ ಕಟ್ಟುವ ಮೊದಲು ಕಡೆಯ ಪುಟದ ಮೊತ್ತವನ್ನು ಕಾಗದದ ಮೇಲೆ ಬರೆದು, ಪೇಟೆಯ ಬೆಲೆಯೊಡನೆ ಹೋಲಿಸುವ ಪದ್ಧತಿಯನ್ನು ಗ್ರಾಮದ ಮುಖಂಡರು ರೂಢಿಗೆ ತರಬೇಕು. ನಾಲ್ಕಾರು ಹಿಡುವಳಿದಾರರು ಕೂಡಿ ಒಟ್ಟಿಗೆ ತರಿಸಿದರೆ ಸಾಗಾಣಿಕೆಯ ಖರ್ಚು ಹಂಚಿಹೋಗುವುದು. ಓದುಬರಹ ಬಲ್ಲ ಹಿರಿಯರು ಇದರಲ್ಲಿ ಮುಂದಾದರೆ, ಸಣ್ಣ ರೈತನ ದುಡ್ಡು ಹೊಲದ ಕೆಲಸಕ್ಕೇ ಉಳಿಯುವುದು.